ಪೈಲ್ವಾನನ ಮಗಳಿಗೆ ಹಾಲು ಒಗ್ಗದು

ಮಗುವಿಗೆ ಜ್ವರ ಬಂದರೆ ಅದು ಮನೆಯವರ ಚಿಂತೆ. ಮಗುವಿಗೆ ಹಾಲು ಒಗ್ಗುವುದಿಲ್ಲ, ಶೇಂಗಾ ಆಗಿಬರುವುದಿಲ್ಲ ಅಂದರೆ ಅದು ಇಡೀ ಓಣಿಯ ಚಿಂತೆ. ಹಾಗಾಗಿ ನನ್ನ ಮಗಳು ಹುಟ್ಟಿದಾಗಿನಿಂದ ನಮ್ಮ ಮನೆ ಮುಂದೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ಬೇರೆಯವರಾಗಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು. ನಾನು ನಾನಾದ್ದರಿಂದ ಬರೆಯುತ್ತಿದ್ದೇನೆ.

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ಊರು ಹರಿಹರ ತಾಲ್ಲೂಕಿನ ಸಾರಥಿ. ಸುತ್ತಮುತ್ತಲ ಗರಡಿಗಳಲ್ಲಿ ನನ್ನ ಬೆನ್ನಿಗೆ ಮಣ್ಣು ಹತ್ತಿಸಿದವರು ಯಾರೂ ಇಲ್ಲ. ಹತ್ತಿಸಿದ್ದೇವೆ ಅಂತ ಒಬ್ಬಿಬ್ಬರು ಹೇಳಿಕೊಂಡು ತಿರುಗುತ್ತಾರೆ. ಅವತ್ತು ಮಳೆ ಬಂದು ಅಖಾಡ ಜಾರುತ್ತಿತ್ತು, ಅದನ್ನು ಮಾತ್ರ ಹೇಳುವುದಿಲ್ಲ. ಮದುವೆಯಾದ ಮೇಲೆ ದಾವಣಗೆರೆಗೆ ಬಂದು ಶೇಂಗಾ ಎಣ್ಣೆ ಗಿರಣಿ ಸೇರಿದೆ. ಉಳಿದವರು ಇಬ್ಬಿಬ್ಬರು ಸೇರಿ ಎತ್ತುವ ಚೀಲವನ್ನು ನಾನೊಬ್ಬನೇ ಹೊರುತ್ತೇನೆ, ಹೊತ್ತುಕೊಂಡೇ ನಿಂತು ಮಾತಾಡುತ್ತೇನೆ. ಎಮ್ಮೆ ಹಾಲು ಮತ್ತು ಹುರಿದ ಶೇಂಗಾ, ಈ ಎರಡರಿಂದ ಕಟ್ಟಿದ ದೇಹ ಇದು. ದೇವರು ಊರೆಲ್ಲ ಹುಡುಕಿ ಈ ಮಗಳನ್ನು ನನಗೇ ಕೊಟ್ಟ.

ಎಮ್ಮೆಯ ಮೇಲಿನ ಅಪವಾದ

ಮಗಳಿಗೆ ಕೂಸಾಗಿದ್ದಾಗಲೇ ಕೆನ್ನೆ ಕೆಂಪಗೆ, ಮೊಣಕೈ ಮಡಿಕೆಯಲ್ಲಿ ಬಿರುಕು. ದಿನಾ ಕೆರೆದು ಕೆರೆದು ಅಳುತ್ತಿದ್ದಳು. ನೋಡಿದವರೆಲ್ಲ ಕಜ್ಜಿ ಅಂದರು, ದೃಷ್ಟಿ ಅಂದರು, ನಮ್ಮ ಮಾವ ಬಸ್ಸಿನ ಧೂಳು ಅಂದರು. ನನಗೆ ಮಾತ್ರ ಕಾರಣ ಗೊತ್ತಿತ್ತು. ಪಟ್ಟಣದ ನೀರು ಬೆರೆಸಿದ ಹಾಲು ಕುಡಿದು ಕೂಸು ಸೊರಗಿದೆ. ಸಾರಥಿಗೆ ಹೋಗಿ ನಮ್ಮ ಮನೆಯ ಎಮ್ಮೆಯನ್ನೇ ನಡೆಸಿಕೊಂಡು ಬಂದೆ. ಆ ಎಮ್ಮೆಯ ಹಾಲು ಕುಡಿದ ಮೇಲಂತೂ ಕೂಸಿನ ಮೈಯೆಲ್ಲ ದದ್ದು ಎದ್ದಿತು.

ಚರ್ಮದ ಡಾಕ್ಟರು ನೋಡಿದರು. ಇದು ಇಸುಬು, ಅಂಟುರೋಗ ಅಲ್ಲ, ಜೊತೆಗೆ ಹಾಲಿನ ಅಲರ್ಜಿ ಇದ್ದಂತಿದೆ, ಹಾಲು ನಿಲ್ಲಿಸಿ ಅಂದರು. ಯಾವ ಹಾಲು ಅಂತ ಕೇಳಿದೆ. ಎಲ್ಲಾ ಹಾಲು ಅಂದರು. ನನಗೆ ಸಿಟ್ಟು ಬಂತು. ಎಲ್ಲಾ ಹಾಲೂ ಒಂದೇ ಅನ್ನುವವರು ನಮ್ಮ ಎಮ್ಮೆಯನ್ನು ನೋಡಿಲ್ಲ ಅಂತ ಅರ್ಥ. ಮರುದಿನ ಬೆಳಿಗ್ಗೆ ಹಿತ್ತಾಳೆ ಚೊಂಬಿನ ತುಂಬ ಆಗತಾನೇ ಕರೆದ ಹಾಲು ಕಾಯಿಸಿಕೊಂಡು ಹೋಗಿ ಅವರ ಮೇಜಿನ ಮೇಲಿಟ್ಟೆ. ಕುಡಿದು ನೋಡಿ ಆಮೇಲೆ ಮಾತಾಡ್ರಿ ಅಂದೆ. ಹೊರಗೆ ಕೂತ ರೋಗಿಗಳು ಬಾಗಿಲಲ್ಲಿ ಇಣುಕುತ್ತಿದ್ದರು. ಡಾಕ್ಟರು ಕನ್ನಡಕ ತೆಗೆದಿಟ್ಟು, ನಿಧಾನವಾಗಿ ಚೊಂಬು ಖಾಲಿ ಮಾಡಿ, ಕರವಸ್ತ್ರದಿಂದ ಮೀಸೆ ಒರೆಸಿಕೊಂಡರು.

"ಇಂಥ ಹಾಲು ನಾನು ಚಿಕ್ಕವನಿದ್ದಾಗ ಕುಡಿದಿದ್ದೆ," ಅಂದರು. "ಎಮ್ಮೆಯ ತಪ್ಪು ಏನೂ ಇಲ್ಲ. ನಿಮ್ಮ ಮಗಳಿಗೆ ಒಂದು ಹನಿ ಬೇಡ. ನಮ್ಮ ಮನೆಗೆ ದಿನಾ ಒಂದು ಸೇರು ಕಳಿಸಿಬಿಡಿ."

ಹೀಗೆ ನನ್ನ ಮಗಳಿಗೆಂದು ಸಾರಥಿಯಿಂದ ನಡೆದು ಬಂದ ಎಮ್ಮೆ ಡಾಕ್ಟರ ಮನೆ ಮಕ್ಕಳನ್ನು ಸಾಕಿತು. ಆ ಮಕ್ಕಳು ಈಗ ನೋಡಬೇಕು, ಒಬ್ಬೊಬ್ಬರೂ ನನ್ನ ಹಾಗಿದ್ದಾರೆ.

ಗಿರಣಿಯ ಮಡಿವಂತ

ಹಾಲು ನಿಂತಿತು, ರಾಗಿ ಗಂಜಿ ಬಂತು, ಕೂಸಿನ ಮೈ ಎಷ್ಟೋ ತಿಳಿಯಾಯಿತು. ಆದರೂ ಸಂಜೆಯಾದರೆ ಕೆನ್ನೆ, ಕುತ್ತಿಗೆಯಲ್ಲಿ ಕೆಂಪು ಗಂದೆ. ಗಿರಣಿಯ ವಾರದ ರಜೆಯ ದಿನ ಮಾತ್ರ ಇಲ್ಲ. ಇದನ್ನು ಗಮನಿಸಿದ್ದು ನನ್ನ ಹೆಂಡತಿ. ಒಂದು ದಿನ ಅವಳು ನನ್ನ ಅಂಗಿಯನ್ನು ಅಂಗಳದಲ್ಲಿ ಕೊಡವಿದಳು. ಶೇಂಗಾ ಹೊಟ್ಟಿನ ಧೂಳು ಮೋಡದ ಹಾಗೆ ಎದ್ದಿತು. ಅವಳು ಧೂಳು ನೋಡಿದಳು, ನನ್ನ ನೋಡಿದಳು, ಕೂಸಿನ ಕೆನ್ನೆ ನೋಡಿದಳು.

ನಾನು ಬಂದ ಸದ್ದಿಗೆ ಬಾಗಿಲ ತನಕ ಅಂಬೆಗಾಲಿಟ್ಟು ಬರುವ ಕೂಸು ಅದು. ಬೇರೆ ಯಾರಿಗೂ ಹಾಗೆ ಬರುವುದಿಲ್ಲ, ನನಗೊಬ್ಬನಿಗೇ. ಬಂದ ಕೂಡಲೇ ಎತ್ತಿ ಕೆನ್ನೆಗೆ ಕೆನ್ನೆ ಉಜ್ಜುತ್ತಿದ್ದೆ. ಡಾಕ್ಟರು ಶೇಂಗಾ ಧೂಳೂ ಬೇಡ, ಶೇಂಗಾ ಎಣ್ಣೆಯೂ ಬೇಡ ಅಂದರು. ಅಡುಗೆಗೆ ಕುಸುಬೆ ಎಣ್ಣೆ ಬಂತು. ನನಗೆ, ಮನೆಯೊಳಗೆ ಕಾಲಿಡುವ ಮೊದಲು ಸ್ನಾನ.

ನಮ್ಮದು ವಠಾರ. ನಲ್ಲಿ ಎಲ್ಲರ ಬಾಗಿಲಿನ ಎದುರಿಗೆ. ಸಂಜೆ ಬಂದವನೇ ಕಲ್ಲಿನ ಮೇಲೆ ಕೂತು ತಲೆ ಮೇಲೆ ನೀರು ಸುರಿದುಕೊಳ್ಳುವುದು, ಒದ್ದೆ ಪಂಚೆಯಲ್ಲೇ ಒಳಗೆ ಹೋಗಿ ಒಗೆದ ಬಟ್ಟೆ ಉಟ್ಟುಕೊಳ್ಳುವುದು. ಕೂಸು ಹೊಸ್ತಿಲಲ್ಲಿ ಕೈ ಚಾಚಿ ಅಳುತ್ತಿರುತ್ತಿತ್ತು. ಅದರ ಕಡೆ ನೋಡದೆ ಉಜ್ಜಿಕೊಳ್ಳುವುದಿದೆಯಲ್ಲ, ಯಾವ ಕುಸ್ತಿಯಲ್ಲೂ ನನಗೆ ಅಷ್ಟು ಕಷ್ಟ ಆಗಿಲ್ಲ. ಯಾರಾದರೂ ಹತ್ತಿರ ಬಂದರೆ ಮುಟ್ಟಬ್ಯಾಡ್ರಿ, ದೂರ ಸರೀರಿ ಅಂತ ಕೂಗುತ್ತಿದ್ದೆ. ಇನ್ನೊಬ್ಬರ ಬಟ್ಟೆಗೆ ಧೂಳು ಹತ್ತಿ, ಅವರು ಕೂಸನ್ನು ಎತ್ತಿಕೊಂಡರೆ ಅನ್ನುವ ಭಯ ನನಗೆ.

ವಠಾರದವರು ಬೇರೆಯೇ ತಿಳಿದರು. ಪೈಲ್ವಾನರು ದೀಕ್ಷೆ ತಗೊಂಡಿದ್ದಾರೆ, ಮಡಿ ಹಿಡಿದಿದ್ದಾರೆ ಅಂತ ಸುದ್ದಿ ಹಬ್ಬಿತು. ಹಿಂದಿನ ತಿಂಗಳಷ್ಟೇ ನನ್ನ ಜೊತೆ ಕೂತು ಕೋಳಿ ತಿಂದವನು ನನ್ನನ್ನು ಕಂಡು ಚಪ್ಪಲಿ ಬಿಟ್ಟು ನಿಂತ. ಮಾರ್ಗಶಿರದ ಚಳಿಯಲ್ಲೂ ನಾನು ತಣ್ಣೀರು ಸುರಿದುಕೊಳ್ಳುವುದನ್ನು ಕಂಡ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ. ಗಿರಣಿ ಮಾಲೀಕರ ಕಿವಿಗೂ ಬಿತ್ತು. ಹೊಸ ಯಂತ್ರ ಬಂದಾಗ ಹೊರಗಿನ ಪೂಜಾರಿ ಯಾಕೆ, ನಮ್ಮವರೇ ಇದ್ದಾರಲ್ಲ ಅಂತ ನನ್ನನ್ನೇ ಪೂಜೆಗೆ ಕೂಡಿಸಿದರು. ಮಾಡಿದೆ. ಮಂತ್ರ ಬರುತ್ತಿರಲಿಲ್ಲ, ದನಿ ಇತ್ತು.

ದಿನಾ ಸೋಲುವ ಕುಸ್ತಿ

ಇಸುಬಿನ ತುರಿಕೆ ಮಧ್ಯಾಹ್ನದ ಸೆಕೆಯಲ್ಲಿ ಜಾಸ್ತಿ. ಕೊಬ್ಬರಿ ಎಣ್ಣೆ ಹಚ್ಚಿ, ಉಗುರು ಕತ್ತರಿಸಿ, ಹೆಂಡತಿ ಹಳೇ ಪಂಚೆ ಹರಿದು ಕೈಗೆ ಚೀಲ ಹೊಲಿದಳು. ಮಗಳು ಅದನ್ನು ಹಲ್ಲಿನಿಂದ ಬಿಚ್ಚಿ ಎಸೆದಳು. ಅವಳಿಗೆ ಎರಡೂವರೆ ವರ್ಷ, ಬುದ್ಧಿ ಮಾತ್ರ ನನ್ನದು. ಕೆರೀಬ್ಯಾಡ ಅಂದರೆ ಮಗು ಕೆರೆಯುವುದು ಬಿಡುತ್ತದೆಯೇ? ಕೈಗೆ ಬೇರೆ ಕೆಲಸ ಕೊಡಬೇಕು. ಮಧ್ಯಾಹ್ನ ಊಟಕ್ಕೆ ಬಂದಾಗ, ಸ್ನಾನ ಮುಗಿಸಿ, ನಾನು ಕುಸ್ತಿ ಕಲಿಸಿದೆ.

ಮೈ ಕಡಿಯುವುದಕ್ಕೆ ಶುರುವಾದ ಕೂಡಲೇ ಅವಳು "ಅಪ್ಪಾ, ಅಖಾಡಾ" ಅನ್ನುತ್ತಿದ್ದಳು. ಚಾಪೆ ಹಾಸಿ ಕೈಗೆ ಕೈ ಕೊಟ್ಟು ಹಿಡಿಯುತ್ತಿದ್ದೆವು. ಅವಳ ಎರಡು ಕೈಯೂ ನನ್ನ ಕೈಯಲ್ಲಿ, ಕೆರೆಯುವುದು ಹೇಗೆ? ಹಾಗೇ ಎಳೆದಾಡಿ, ತಳ್ಳಾಡಿ, ನಾನು ದೊಪ್ಪನೆ ಬಿದ್ದು, ಅವಳು ನನ್ನ ಎದೆ ಮೇಲೆ ಹತ್ತಿ ಕೂತು, ಅಲ್ಲೇ ಒರಗಿ ನಿದ್ದೆ ಹೋಗುತ್ತಿದ್ದಳು. ನಾನು ಅಲ್ಲಾಡದೆ ಮಲಗಿರುತ್ತಿದ್ದೆ. ಗಿರಣಿಗೆ ಹೊತ್ತಾಯಿತು ಅಂತ ಹೆಂಡತಿ ಕಣ್ಣಲ್ಲೇ ಹೇಳುತ್ತಿದ್ದಳು, ಸೋತವನು ಏಳುವಂತಿಲ್ಲ ಅಂತ ನಾನೂ ಕಣ್ಣಲ್ಲೇ ಹೇಳುತ್ತಿದ್ದೆ.

ವಠಾರದಲ್ಲಿ ಗುಟ್ಟು ಎಲ್ಲಿ ಉಳಿಯುತ್ತದೆ. ಸುದ್ದಿ ಸಾರಥಿಗೆ ಹೋಯಿತು, ಹೋಗುವಾಗ ದಾರಿಯಲ್ಲಿ ಮಗಳ ವಯಸ್ಸು ಎಲ್ಲೋ ಉದುರಿಹೋಯಿತು. ಮಳೆಯ ದಿನ ನನ್ನನ್ನು ಕೆಡವಿದ್ದೇನೆ ಅಂತ ಹೇಳಿಕೊಳ್ಳುವವನಿದ್ದಾನಲ್ಲ, ಅವನೇ ಬಸ್ಸು ಹತ್ತಿ ಬಂದ. ದಾವಣಗೆರೆಯಲ್ಲಿ ಯಾರೋ ನಿನ್ನನ್ನು ದಿನಾ ಮಧ್ಯಾಹ್ನ ಚಿತ್ ಮಾಡುತ್ತಾರಂತೆ, ಆ ಉಸ್ತಾದರನ್ನು ನೋಡಿಕೊಂಡು ಹೋಗಬೇಕು ಅಂದ. ನಾನು ಒಳಗೆ ಕೂಗಿದೆ. ಉಸ್ತಾದರು ಮೈಯೆಲ್ಲ ಎಣ್ಣೆ ಹಚ್ಚಿಕೊಂಡು, ಬರೀ ಚಡ್ಡಿಯಲ್ಲಿ ಹೊರಗೆ ಬಂದು ತೊಡೆ ತಟ್ಟಿದರು.

ಅವನು ಕೈ ಕೊಟ್ಟ, ಅವನೂ ಬಿದ್ದ. ಅವತ್ತು ಮಳೆ ಬಂದಿರಲಿಲ್ಲ.

ಹರಕೆ ಹುಟ್ಟಿದ ಗಳಿಗೆ

ಮಗಳು ಒಬ್ಬಳೇ ಓಣಿಯಲ್ಲಿ ಓಡಾಡಲು ಶುರುಮಾಡಿದ ಮೇಲೆ ನನಗೆ ನಿಜವಾದ ಭಯ ಹತ್ತಿತು. ನಮ್ಮ ಕಡೆ ಮಗು ಕಂಡರೆ ಮಾತಾಡಿಸುವುದು ಆಮೇಲೆ, ಕೈಗೆ ಏನಾದರೂ ಕೊಡುವುದು ಮೊದಲು. ಮಂಡಕ್ಕಿ ಅಂದರೆ ಅದರಲ್ಲಿ ಶೇಂಗಾ, ಉಂಡೆ ಅಂದರೆ ಶೇಂಗಾ, ಚಟ್ನಿ ಅಂದರೂ ಶೇಂಗಾ. ಪಕ್ಕದ ಮನೆಯ ಅಜ್ಜಿ ಒಂದು ಸಂಜೆ ಪ್ರೀತಿಯಿಂದ ಅರ್ಧ ಉಂಡೆ ತಿನ್ನಿಸಿದಳು. ಸ್ವಲ್ಪ ಹೊತ್ತಿಗೆ ಮಗಳ ತುಟಿ ದಪ್ಪಗಾಯಿತು, ಕಣ್ಣು ಮುಚ್ಚಿಕೊಂಡಿತು, ಉಸಿರು ಸಿಳ್ಳೆ ಹೊಡೆಯತೊಡಗಿತು. ಜಟಕಾದಲ್ಲಿ ಆಸ್ಪತ್ರೆಗೆ ಹೋದೆವು. ಕುದುರೆ ನಿಧಾನ ಅನ್ನಿಸಿ ನಾನು ಇಳಿದು ಮಗುವನ್ನು ಎತ್ತಿಕೊಂಡು ಓಡಿದೆ, ಕುದುರೆಯನ್ನು ಹಿಂದೆ ಹಾಕಿದೆ. ಇದು ಬಡಾಯಿ ಅಲ್ಲ, ಜಟಕಾದವನನ್ನು ಕೇಳಿ. ಸೂಜಿ ಚುಚ್ಚಿದರು. ಉಸಿರು ತಿಳಿಯಾಯಿತು.

ಅಷ್ಟಾದರೂ ಜನ ಬಿಡಬೇಕಲ್ಲ. ಕೆಲವೇ ದಿನಕ್ಕೆ ಅದೇ ಅಜ್ಜಿ ಇನ್ನೊಂದು ಉಂಡೆ ಹಿಡಿದು ಬಂದಳು. ಮಂಡಕ್ಕಿ ಹುರಿಯುವ ಭಟ್ಟಿಯ ಸಾಹೇಬರು, ಅವರೂ ನಮ್ಮ ಓಣಿಯವರೇ, ಅಲ್ಲೇ ನಿಂತಿದ್ದರು. ಡಾಕ್ಟರು ಬೇಡ ಅಂದಿದ್ದಾರೆ ಅಂತ ನಾನು ಅಜ್ಜಿಗೆ ಹೇಳಿದೆ. ಡಾಕ್ಟರಿಗೆ ಏನು ಗೊತ್ತು ಅಂದಳು. ಹೋದ ಸಲ ಜೀವ ಹೋಗುವುದಿತ್ತು ಅಂದೆ. ಅದು ಹಳೇ ಶೇಂಗಾ ಇತ್ತಪ್ಪ, ಇದು ಹೊಸಾದು ಅಂದಳು. ಉಂಡೆ ಮಗಳ ಬಾಯಿಯ ಹತ್ತಿರ ಬಂತು. ಅಜ್ಜಿಯ ಕೈ ತಿರುಚುವ ಹಾಗಿಲ್ಲ. ನನಗೆ ಏನು ಹೊಳೆಯಿತೋ, ಬಾಯಿಂದ ಬಂದೇಬಿಟ್ಟಿತು:

"ಬ್ಯಾಡಜ್ಜಿ. ಹರಕೆ ಐತೆ."

ಕಾದ ಹೆಂಚು ಮುಟ್ಟಿದವರ ಹಾಗೆ ಅಜ್ಜಿ ಕೈ ಹಿಂದಕ್ಕೆಳೆದುಕೊಂಡಳು. ಉಂಡೆಯನ್ನು ಸೆರಗಲ್ಲಿ ಮುಚ್ಚಿಟ್ಟು, ಗಲ್ಲ ಗಲ್ಲ ಬಡಿದುಕೊಂಡಳು. ಸಾಹೇಬರು ನನ್ನನ್ನು ದುರುಗುಟ್ಟಿ ನೋಡಿದರು. "ಮನ್ನತ್ ಐತೆ ಅಂತ ಮೊದ್ಲೇ ಹೇಳಬಾರದೇನ್ರಿ ಪೈಲ್ವಾನ್? ಅಲರ್ಜಿ ಗಿಲರ್ಜಿ ಅಂತ ಸುಮ್ನೆ ಟೈಮ್ ಹಾಳು ಮಾಡಿದ್ರಿ."

ಅವತ್ತೇ ಸಂಜೆ ಅವರು ಮಗಳಿಗಾಗಿ ಹೊಸ ಡಬ್ಬ ತೆಗೆದಿಟ್ಟು, ಶೇಂಗಾ ಸೋಕದ ಮಂಡಕ್ಕಿ ತುಂಬಿ, ಯಾರೂ ಬೆರೆಸಬಾರದೆಂದು ಡಬ್ಬದ ಕುತ್ತಿಗೆಗೆ ಕೆಂಪು ದಾರ ಕಟ್ಟಿದರು. ಭಟ್ಟಿಗೆ ಬಂದವರಿಗೆಲ್ಲ ತಾವೇ ಹೇಳಿದರು. ವರ್ಷಗಟ್ಟಲೆ ಡಾಕ್ಟರೂ ನಾನೂ ಸೇರಿ ಮಾಡಲಾಗದ್ದು ಒಂದೇ ಸಂಜೆಯಲ್ಲಿ ಮುಗಿಯಿತು. ಡಾಕ್ಟರಿಗೆ ಇದನ್ನು ಹೇಳಿದೆ. ಅವರು ಸಕ್ಕರೆ ಕಾಯಿಲೆಯವರಿಗೂ ಇದನ್ನು ಬರೆದುಕೊಡಬಹುದೇ ಅಂತ ಕೇಳಿದರು.

ಯಾವ ದೇವರು?

ಹರಕೆ ಹೇಳಿದ್ದಾಯಿತು, ದೇವರು ಯಾರೆಂದು ಗೊತ್ತುಮಾಡಿರಲಿಲ್ಲ. ಕೇಳಿದವರಿಗೆಲ್ಲ ಆ ಹೊತ್ತಿಗೆ ಬಾಯಿಗೆ ಬಂದದ್ದು ಹೇಳಿದೆ. ಅಜ್ಜಿಗೆ ಸಾರಥಿಯ ದೇವರು ಅಂದೆ. ಗಿರಣಿಯಲ್ಲಿ ಹರಿಹರದ ದೇವರು ಅಂದೆ. ತರಕಾರಿಯವಳು ಬಾತಿ ಊರಿನವಳು, ಅವಳಿಗೆ ಬಾತಿ ಗುಡ್ಡದ ದೇವರು ಅಂದೆ. ಮಾಯಕೊಂಡದಿಂದ ಬಂದ ನೆಂಟರಿಗೆ ಅವರೂರಿನ ಅಮ್ಮ ಅಂದೆ, ಅವರಿಗೂ ಸಂತೋಷವಾಗಲಿ.

ನಲ್ಲಿಯ ಹತ್ತಿರ ಹೆಂಗಸರು ಇದನ್ನೆಲ್ಲ ಕೂಡಿಸಿ ನೋಡಿದರು. ಸಿಕ್ಕಿಬಿದ್ದೆ ಅಂದುಕೊಂಡೆ. ಅವರಿಗೆ ಕನಿಕರ ಹುಟ್ಟಿತು. ಅಯ್ಯೋ, ಇಷ್ಟುದ್ದ ಕೂಸಿಗೆ ಅಷ್ಟೊಂದು ದೇವರ ಹರಕೆ ಹೊರಿಸ್ಯಾನಲ್ಲ ಅಂತ ನನ್ನನ್ನೇ ಬೈದರು. ಆದರೆ ಅವಳು ಆಡುವ ಕಡೆ ಯಾರೂ ಶೇಂಗಾ ಸಿಪ್ಪೆ ಕೂಡ ಬಿಸಾಡದಂತಾಯಿತು. ಅಷ್ಟು ದೇವರು ಕಾವಲಿದ್ದಾಗ ಯಾರು ಧೈರ್ಯ ಮಾಡುತ್ತಾರೆ.

ಒಬ್ಬ ತಾಯಿ ಮಾತ್ರ ಗುಟ್ಟಾಗಿ ಬಂದು ಕೇಳಿದಳು. ಅವಳ ಮಗ ಡಬ್ಬದಿಂದ ಬೆಲ್ಲ ಕದ್ದು ತಿನ್ನುತ್ತಾನಂತೆ, ಅವನ ಮೇಲೂ ಒಂದು ಹರಕೆ ಹಾಕಿಕೊಡ್ರಿ ಅಂದಳು. ಹಾಕಿಕೊಟ್ಟೆ. ಆ ಹುಡುಗ ಇವತ್ತಿಗೂ ನನ್ನ ಸೈಕಲ್ಲಿನ ಗಾಳಿ ಬಿಡುತ್ತಾನೆ.

ಅವ್ವ ಹರಿಹರಕ್ಕೆ ಕರೆದಳು

ಹರಕೆ ಅಂದರೆ ತೀರಿಸುವುದು ಅಂತ ಒಂದಿದೆ. ಅದನ್ನು ನಾನು ಮರೆತಿದ್ದೆ, ಸಾರಥಿಯಲ್ಲಿದ್ದ ನಮ್ಮವ್ವ ಮರೆತಿರಲಿಲ್ಲ. ಮಗಳು ಶಾಲೆಗೆ ಸೇರುವ ವರ್ಷ ಅವ್ವ ಹೇಳಿಕಳಿಸಿದಳು: ಸೋಮವಾರ ಹೆಂಡತಿ ಮಗಳನ್ನು ಕರೆದುಕೊಂಡು ಹರಿಹರಕ್ಕೆ ಬಾ, ಪೂಜೆ ಐತೆ.

ಹೋಗಿ ನೋಡಿದರೆ ಹೊಳೆಯ ಮೆಟ್ಟಿಲ ಮೇಲೆ ನಮ್ಮ ಬೀಗರು ಬಿಜ್ಜರೆಲ್ಲ ಟ್ರ್ಯಾಕ್ಟರಿನಲ್ಲಿ ಬಂದು ಕೂತಿದ್ದಾರೆ. ನಡುವೆ ಒಂದು ಕೊಡ ಹಾಲು, ಒಂದು ಪುಟ್ಟಿ ಶೇಂಗಾ ಹೋಳಿಗೆ. ಕೂಸು ಇಷ್ಟು ವರ್ಷ ನೇಮ ಹಿಡಿದಿದೆ, ಇವತ್ತು ದೇವರ ಮುಂದೆ ಅದರ ಬಾಯಿಗಿಟ್ಟು ಹರಕೆ ಬಿಡಿಸೋಣ ಅಂದಳು ಅವ್ವ. ಆಮೇಲೆ ದೇವರೇ ನೋಡಿಕೊಳ್ಳುತ್ತಾನಂತೆ, ಮೈಯೂ ಬಂಗಾರದ ಹಾಗೆ ಆಗುತ್ತದಂತೆ.

ಮಗಳಿಗೆ ಜ್ವರ ಅಂದೆ. ಅವ್ವ ಹಣೆ ಮುಟ್ಟಿ ನೋಡಿ ಇಲ್ಲ ಅಂದಳು. ಹೊತ್ತು ಸರಿಯಿಲ್ಲ ಅಂದೆ. ಪೂಜಾರಿನ್ನ ಕೇಳಿಕೊಂಡೇ ಬಂದೀನಿ ಅಂದಳು. ಹೊಟ್ಟೆ ತುಂಬಿದೆ ಅಂದೆ. ಒಂದು ಚೂರು ಸಾಕು ಅಂತ ಹೋಳಿಗೆ ಮುರಿದಳು. ಮಗಳು ನನ್ನ ಮುಖ ನೋಡಿದಳು. ಸುತ್ತ ಅಷ್ಟು ಜನ, ಎದುರಿಗೆ ಅವ್ವ. ಜೀವನದಲ್ಲಿ ಮೊದಲ ಸಲ ನನಗೆ ಮಾತು ಸಿಗಲಿಲ್ಲ.

ನನ್ನ ಹೆಂಡತಿ ಅದುವರೆಗೆ ಅತ್ತೆಯ ಮುಂದೆ ತಲೆ ಎತ್ತಿ ಮಾತಾಡಿದವಳಲ್ಲ. ಬಂದು ಮಗಳನ್ನು ಎತ್ತಿಕೊಂಡಳು.

"ಅತ್ತಿ, ಹರಕೆ ಇಲ್ಲ. ನಿಮ್ಮ ಮಗ ಹುಟ್ಟಿಸಿದ್ದು. ಅವತ್ತು ಇವಳ ಉಸಿರು ನಿಲ್ಲೋದು ಒಂದು ಬಾಕಿ ಇತ್ತು, ಇವಳನ್ನ ಎತ್ಕೊಂಡು ಕುದುರೆಗಿಂತ ಮುಂದೆ ಓಡಿದ್ರು. ನೀವು ಏನರ ಅನ್ರಿ, ನಾನು ತಿನ್ನಿಸಲ್ಲ."

ಕುದುರೆಯ ವಿಷಯ ನಾನೇ ಹೇಳೋಣ ಅಂತಿದ್ದೆ, ಅವಳು ಹೇಳಿದ್ದು ಇನ್ನೂ ಚೆನ್ನಾಗಿತ್ತು. ಅವ್ವ ಕೈಯಲ್ಲಿದ್ದ ಚೂರನ್ನು ಪುಟ್ಟಿಯಲ್ಲಿಟ್ಟಳು. ಎದ್ದು ಮೆಟ್ಟಿಲಿಳಿದು, ಹೊಳೆಯಲ್ಲಿ ಮೊಣಕೈತನಕ ತಿಕ್ಕಿ ತಿಕ್ಕಿ ತೊಳೆದುಕೊಂಡಳು. ಮೇಲೆ ಬಂದು, ಸೊಸೆಗೆ ಎರಡೂ ಅಂಗೈ ತೋರಿಸಿ, ಅವಳು ತಲೆಯಾಡಿಸಿದ ಮೇಲೆಯೇ ಮೊಮ್ಮಗಳ ಕೆನ್ನೆ ಮುಟ್ಟಿದಳು. ನಾನು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡೆ. ಹೊಳೆ ಗಾಳಿ ಇರಬೇಕು.

ಆಮೇಲೆ ಗುಡಿಯ ಕಡೆ ತಿರುಗಿ, ಬೊಗಸೆಯಲ್ಲಿ ನೀರು ಹಿಡಿದು ಕಣ್ಣು ಮುಚ್ಚಿದಳು. "ತಂದೀ, ನಿನ್ನ ಹೆಸರು ಸುಳ್ಳಾಗಬಾರದು. ಇವತ್ತಿಂದ ಹರಕೆ ಐತೆ. ಈ ಕೂಸಿಗೆ ಒಗ್ಗೋ ತನಕ ನಾನು ಹಾಲು, ಬೆಣ್ಣೆ, ಶೇಂಗಾ ಬಾಯಿಗೆ ಹಾಕಲ್ಲ."

ಎಂಥ ತಾಯಿ ನನ್ನದು ಅಂತ ನೆಂಟರನ್ನೆಲ್ಲ ಒಂದು ಸುತ್ತು ಹೆಮ್ಮೆಯಿಂದ ನೋಡಿದೆ. ಅವ್ವ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

"ನನ್ನ ಮಗನೂ ಹಾಕಲ್ಲ," ಅಂತ ನೀರು ಬಿಟ್ಟಳು.

ಎಲ್ಲರೂ ಕೈ ಮುಗಿದ ಹೋಟೆಲು

ಗಿರಣಿಯಲ್ಲಿ ಶೇಂಗಾ ಹೊರಬಹುದೇ ಅಂತ ಕೇಳಿದ್ದಕ್ಕೆ, ಹೊರೋದು ಬೇರೆ ತಿನ್ನೋದು ಬೇರೆ ಅಂತ ಅವ್ವ ತೀರ್ಪು ಕೊಟ್ಟಳು. ಒಂದೆರಡು ತಿಂಗಳು ನೇಮ ಹಿಡಿದೆ. ಮಗಳ ಜೊತೆ ಕೂತು ರೊಟ್ಟಿ, ಸೊಪ್ಪಿನ ಪಲ್ಯ, ಹುಚ್ಚೆಳ್ಳಿನ ಚಟ್ನಿ ತಿಂದೆ. ಒಂದೇ ತಟ್ಟೆಯಲ್ಲಿ ಭಯವಿಲ್ಲದೆ ಇಬ್ಬರೂ ಉಣ್ಣುವಂತಾದದ್ದು ಆಗಲೇ. ಅವಳಿಗೆ ಅದೇ ಹಬ್ಬ. ಅಪ್ಪನಿಗೂ ಒಗ್ಗಲ್ಲ, ನನಗೂ ಒಗ್ಗಲ್ಲ ಅಂತ ಗೆಳತಿಯರ ಮುಂದೆ ಜಂಬ ಕೊಚ್ಚುತ್ತಿದ್ದಳು. ಈ ಗುಣ ಎಲ್ಲಿಂದ ಬಂತೋ.

ಆದರೆ ದಾವಣಗೆರೆಯಲ್ಲಿದ್ದುಕೊಂಡು ಬೆಣ್ಣೆ ದೋಸೆ ಬಿಡುವುದಿದೆಯಲ್ಲ, ಅದು ಮನುಷ್ಯರು ಮಾಡುವ ಕೆಲಸ ಅಲ್ಲ. ಬೆಳಿಗ್ಗೆ ಗಿರಣಿಗೆ ಹೋಗುವಾಗ ಆ ವಾಸನೆ ಕೊರಳಪಟ್ಟಿ ಹಿಡಿದು ಎಳೆಯುತ್ತದೆ. ಒಂದು ದಿನ ಮನೆಯಿಂದ ಬಹಳ ದೂರದ, ನಾನು ಹಿಂದೆಂದೂ ಕಾಲಿಡದ ಹೋಟೆಲಿಗೆ ಹೋಗಿ ಮೂಲೆಯಲ್ಲಿ ಕೂತೆ. ದೋಸೆ ಹೇಳಿದೆ. ಬರುವ ತನಕ ಸುಮ್ಮನೆ ಕೂರಲಾಗುತ್ತದೆಯೇ? ಎದುರಿಗಿದ್ದ ಅಪರಿಚಿತನಿಗೆ ನಾನು ಒಬ್ಬನೇ ಹೊರುವ ಚೀಲದ ವಿಷಯ, ಗರಡಿಯ ವಿಷಯ, ಕುದುರೆಯನ್ನು ಹಿಂದೆ ಹಾಕಿದ ವಿಷಯ ಹೇಳಿದೆ.

ಹೋಟೆಲಿನವನು ದೋಸೆ ತಂದಿಟ್ಟ. ಮೇಲೆ ಬೆಣ್ಣೆಯ ಮುದ್ದೆ ಆಗತಾನೇ ಕರಗಿ ಅಂಚಿಗೆ ಇಳಿಯುತ್ತಿತ್ತು. ತುಣುಕು ಮುರಿದೆ. ಅವನು ಹೋಗದೆ ಅಲ್ಲೇ ನಿಂತಿದ್ದ.

"ತಾವು ಸಾರಥಿಯವರೇನ್ರಿ? ಪೈಲ್ವಾನರು?"

ನನ್ನ ಹೆಸರು ಇಲ್ಲಿಯ ತನಕ ಬಂದಿದೆ ಅಂತ ಎದೆ ಉಬ್ಬಿತು. ಮೀಸೆ ತಿರುವಿ, ಹೌದು, ನಾನೇ ಅಂದೆ.

ಅವನು ಎರಡೂ ಕೈಯಿಂದ ತಟ್ಟೆ ಎತ್ತಿಕೊಂಡ. "ತಪ್ಪಾತು, ಗೊತ್ತಿಲ್ಲದೆ ಇಟ್ಟೆ. ನಿಮ್ಮವ್ವಾರು ಊರಾಗಿನ ಎಲ್ಲಾ ದೋಸೆ ಹೋಟೆಲಿಗೂ ಹೇಳಿ ಹೋಗ್ಯಾರ್ರಿ. ಗುರುತು ಹೆಂಗೆ ಅಂತ ಕೇಳಿದ್ವಿ. ಕೂತ ಕೂಡ್ಲೇ ತನ್ನ ವಿಷಯನೇ ಹೇಳ್ಕೋತಾನ, ಅವನೇ ಅಂದ್ರು."

ಎಣ್ಣೆ ಹಾಕಿಯಾದರೂ ಒಂದು ದೋಸೆ ಕೊಡಪ್ಪ ಅಂತ ಮೆಲ್ಲಗೆ ಕೇಳಿದೆ. ನಮ್ಮದು ಶೇಂಗಾ ಎಣ್ಣೆ ರೀ, ಅಂದ ಅವನು, ಬಹಳ ಗೌರವದಿಂದ. ಆಮೇಲೆ ಹೋಟೆಲಿಗೆಲ್ಲ ಕೇಳುವ ಹಾಗೆ ಎದುರಿಗಿದ್ದವನಿಗೆ ವಿವರಿಸಿದ: ಇವರ ಮಗಳಿಗೆ ಒಗ್ಗುವುದಿಲ್ಲವಂತೆ, ಮಗಳು ತಿನ್ನದ್ದನ್ನು ಇವರೂ ಮುಟ್ಟುವುದಿಲ್ಲವಂತೆ. ದೋಸೆ ಬಾಯಲ್ಲಿಟ್ಟುಕೊಂಡಿದ್ದವರು ಅಗಿಯುವುದು ನಿಲ್ಲಿಸಿ ತಿರುಗಿ ನೋಡಿದರು. ಒಬ್ಬ ಮುದುಕ ಬೆಣ್ಣೆ ಕೈಯಲ್ಲೇ ನಮಸ್ಕಾರ ಮಾಡಿದ. ಹೆಂಗಸೊಬ್ಬಳು ತನ್ನ ಗಂಡನ ಕಡೆ ತಿರುಗಿ, ನೋಡಿ ಕಲೀರಿ ಅಂದಳು.

ಅಖಾಡದಲ್ಲಿ ಗದೆ ಗೆದ್ದಾಗಲೂ ಜನ ನನ್ನನ್ನು ಹಾಗೆ ನೋಡಿರಲಿಲ್ಲ. ಏನು ಮಾಡಲಿ? ನಿಜ ಹೇಳಿದರೆ ಮಗಳ ಮರ್ಯಾದೆ ಹೋಗುತ್ತದೆ. ಬೆರಳಲ್ಲಿದ್ದ ದೋಸೆಯ ತುಣುಕನ್ನು ಅವನ ತಟ್ಟೆಗೇ ಹಿಂದಿರುಗಿಸಿ, ಕೈ ತೊಳೆದುಕೊಂಡು, ಒಂದು ಲೋಟ ತಣ್ಣೀರು ಕುಡಿದು, ಅಷ್ಟೂ ಕಣ್ಣುಗಳ ಮುಂದೆ, ಬೆಣ್ಣೆ ದೋಸೆ ತಿಂದವನಂತೆ ಗಟ್ಟಿಯಾಗಿ ತೇಗಿ ಎದ್ದು ಬಂದೆ.